ಪತ್ತೇದಾರಿ ಕಥೆಯೂ ಕಳೆದ ಕಾಲವೂ



ರಜೆಯ ದಿನಗಳಲ್ಲಿ ಮಕ್ಕಳು ಪತ್ತೇದಾರಿ ಕಥೆಗಳನ್ನು ನೋಡುತ್ತ ಕಾಲಹರಣ ಮಾಡುತ್ತಾರೆಂದು ಕೆಲವರು ತಂದೆತಾಯಿಗಳು ನಮ್ಮೊಡನೆ ಆಕ್ಷೇಪಿಸಿದ್ದುಂಟು. ಆಕ್ಷೇಪಣೆಯು ಸಂಪೂರ್ಣ ನಿರಾಧಾರವೆಂದು ನಾವು ಹೇಳಲಾರೆವು. ಆದರೆ ನೋಡುವ ಕ್ರಮವನ್ನು ಅರಿತು ನೋಡಿದರೆ ಇಂಥ ಕಥೆಗಳಿಂದ ಎರಡು ವಿದ್ಯೆಗಳು ಲಭಿಸುತ್ತವೆ. ಒಂದು, ಕಳೆದ ಕಾಲದ ಜೀವನದ ಪರಿಚಯ. ಇನ್ನೊಂದು, ಸಂಶಯಕ್ಕೂ ಸಾಕ್ಷ್ಯಕ್ಕೂ ಇರುವ ಭೇದದ ಅರಿವು. ಇವುಗಳನ್ನೇ ಇಲ್ಲಿ ವಿಚಾರ ಮಾಡೋಣ.

ನಾವು ಬಾಲಕರಾಗಿದ್ದಾಗ, ೧೯೯೩ರಲ್ಲಿ, ದೂರದರ್ಶನದಲ್ಲಿ 'ಬ್ಯೋಮಕೇಶ ಬಕ್ಷಿ' ಎಂಬ ಹಿಂದೀ ಧಾರಾವಾಹಿಯು ಪ್ರಸಾರವಾಯಿತು. ಬಂಗಾಳಿಯ ಶರದಿಂದು ಬಂದ್ಯೋಪಾಧ್ಯಾಯರು ೧೯೩೨ರಿಂದ ಬರೆಯತೊಡಗಿದ ಕಥೆಗಳನ್ನು ಬಾಸು ಚಟರ್ಜಿಯವರು ನಿರ್ದೇಶಿಸಿದ್ದರು. ರಜಿತ್ ಕಪೂರರು ಬ್ಯೋಮಕೇಶನ ಪಾತ್ರವನ್ನು ವಹಿಸಿದ್ದರು. ನೆರೆಮನೆಯ ಜಗಲಿಯಲ್ಲಿ ಕುಳಿತು ನೋಡುತ್ತಿದ್ದ ನಮಗೆ ಕನ್ನಡ ಬರುತ್ತಿತ್ತು, ತಮಿಳೂ ತೆಲುಗೂ ತಕ್ಕಮಟ್ಟಿಗೆ ಬರುತ್ತಿದ್ದವು, ಹಿಂದೀ ಮಾತ್ರ ಬರುತ್ತಿರಲಿಲ್ಲ. ಆದುದರಿಂದ ಮಾತನ್ನು ಬಿಟ್ಟು ಮುಖವನ್ನೂ ಕೈಗಳನ್ನೂ ವಸ್ತುಗಳನ್ನೂ ನೋಡಿಯೇ ಕಥೆಯನ್ನು ಊಹಿಸಬೇಕಾಗಿತ್ತು. ಸೂಕ್ಷ್ಮವಾಗಿ ನೋಡುವ ಅಭ್ಯಾಸ ನಮಗೆ ಹತ್ತಿದ್ದು ಹೀಗೆ.

ಇಂಥ ಕಥೆಗಳಲ್ಲಿ ಹಳೆಯ ಕಾಲವೆಂಬುದು ಬರಿಯ ಅಲಂಕಾರವಲ್ಲ. ಬ್ಯೋಮಕೇಶನ ಮೊದಲ ಕಥೆಗಳಲ್ಲೊಂದಾದ 'ಪಥೇರ್ ಕಾಂಟಾ'ವನ್ನು ತೆಗೆದುಕೊಳ್ಳಿ. ಕಲ್ಕತ್ತೆಯ ಬೀದಿಯಲ್ಲಿ ನಡೆಯುತ್ತಿದ್ದವರು ಇದ್ದಕ್ಕಿದ್ದಂತೆ ಬಿದ್ದು ಸಾಯುತ್ತಾರೆ. ಅವರ ಎದೆಯಲ್ಲಿ ದೊರೆಯುವುದು ಗ್ರಾಮಫೋನಿನ ಮುಳ್ಳು. ಅದನ್ನು ಹಾರಿಸುವ ಯಂತ್ರವು ಬೈಸಿಕಲ್ಲಿನ ಗಂಟೆಯೊಳಗೆ ಅಡಗಿರುತ್ತದೆ. ಕೊಲೆಗಾರನು ಯಾರೆಂಬುದನ್ನು ನಾವು ಹೇಳುವುದಿಲ್ಲ, ನೀವೇ ಓದಿಕೊಳ್ಳಿರಿ. ಗ್ರಾಮಫೋನು ಮನೆಮನೆಗೆ ಬರುತ್ತಿದ್ದ, ಬೈಸಿಕಲ್ಲು ಬೀದಿಯನ್ನು ತುಂಬಿದ್ದ ಕಾಲದಲ್ಲಿ ಮಾತ್ರ ಈ ಕಥೆ ನಡೆಯಬಲ್ಲುದು. ಕಾಲವನ್ನು ಕಿತ್ತರೆ ಕಥೆಯೂ ಬಿದ್ದುಹೋಗುತ್ತದೆ.

ಕಾಲವನ್ನು ಬದಲಾಯಿಸಿದಾಗ ಏನಾಗುವುದೆಂಬುದಕ್ಕೂ ಒಂದು ದೃಷ್ಟಾಂತವಿದೆ. ಕಾನನ್ ಡಾಯಲರು ೧೮೯೦ರಲ್ಲಿ ಪ್ರಕಟಿಸಿದ 'ದಿ ಸೈನ್ ಆಫ್ ಫೋರ್' ಕಾದಂಬರಿಯಲ್ಲಿ ಷರ್ಲಾಕ್ ಹೋಮ್ಸನು ತನ್ನ ಮಿತ್ರ ವಾಟ್ಸನ್ನನ ಜೇಬುಗಡಿಯಾರವನ್ನು ಪರೀಕ್ಷಿಸುತ್ತಾನೆ. ಕೀಲಿ ಕೊಡುವ ರಂಧ್ರದ ಸುತ್ತ ಗೀರುಗಳಿವೆ. ಕುಡುಕನ ಕೈ ನಡುಗುವುದರಿಂದ ಕೀಲಿಯು ಜಾರಿ ಗೀರು ಬೀಳುತ್ತದೆ. ಆದುದರಿಂದ ಅದು ಕುಡಿತಕ್ಕೆ ಬಿದ್ದ ಅಣ್ಣನ ಗಡಿಯಾರವೆಂದು ಅವನು ಹೇಳುತ್ತಾನೆ. ೧೯೮೪ರಿಂದ ೧೯೯೪ರವರೆಗೆ ಜೆರೆಮಿ ಬ್ರೆಟ್ಟರು ಹೋಮ್ಸನಾಗಿ ನಟಿಸಿದ ಆಂಗ್ಲ ಧಾರಾವಾಹಿಯು ಆ ಹಳೆಯ ಲಂಡನ್ನಿನ ಕುದುರೆಗಾಡಿಗಳನ್ನೂ ಅನಿಲ ದೀಪಗಳನ್ನೂ ಹಾಗೆಯೇ ಉಳಿಸಿಕೊಂಡಿತು. ೨೦೧೦ರಲ್ಲಿ ಬಿ.ಬಿ.ಸಿ.ಯವರು ಹೋಮ್ಸನನ್ನು ನಮ್ಮ ಕಾಲಕ್ಕೆ ತಂದರು. ಆಗ ಕೀಲಿಗಡಿಯಾರದ ಸ್ಥಾನದಲ್ಲಿ ಮೊಬೈಲ್ ಫೋನು ಬಂದಿತು. ಗೀರುಗಳು ಚಾರ್ಜು ಮಾಡುವ ರಂಧ್ರದ ಸುತ್ತ ಬಂದವು. ಹೋಮ್ಸನು ಅದನ್ನು ಕುಡುಕ ಸೋದರನದೆಂದು ನಿರ್ಧರಿಸುತ್ತಾನೆ. ಆದರೆ ಅದು ಸೋದರನದಲ್ಲ, ಸೋದರಿಯದು! ಅಷ್ಟು ಚುರುಕಾದ ಕಣ್ಣೂ ಒಂದು ಹೆಜ್ಜೆ ತಪ್ಪಿತು. ಈ ಮಾತನ್ನು ನೆನಪಿನಲ್ಲಿಡಿರಿ.

ನಮ್ಮ ಸೀಮೆಗೇ ಬರೋಣ. ೧೯೪೦ರ ಹೊಸೂರಿನಲ್ಲಿ ನಡೆಯುವ ಪತ್ತೇದಾರಿ ಕಥೆಯೊಂದನ್ನು ನೀವು ಬರೆಯುವಿರೆಂದು ಭಾವಿಸೋಣ. ಅದರಲ್ಲಿ ಕೃಷ್ಣಗಿರಿ ಜಿಲ್ಲೆಯ ಪೊಲೀಸ್ ಅಧಿಕಾರಿಯನ್ನು ತಂದರೆ ತಪ್ಪಾಗುತ್ತದೆ. ಆಗ ಹೊಸೂರು ಸೇಲಂ ಜಿಲ್ಲೆಯಲ್ಲಿತ್ತು. ೧೯೬೫ರಲ್ಲಿ ಧರ್ಮಪುರಿ ಜಿಲ್ಲೆಗೆ ಸೇರಿತು. ಕೃಷ್ಣಗಿರಿ ಜಿಲ್ಲೆಯಾದದ್ದು ೨೦೦೪ರಲ್ಲಿ. ಅತ್ತಿಬೆಲೆಯಿಂದ ಹೊಸೂರಿಗೆ ಓಡಿಬಂದ ಕಳ್ಳನು ಮೈಸೂರು ಮಹಾರಾಜರ ಸಂಸ್ಥಾನವನ್ನು ಬಿಟ್ಟು ಬ್ರಿಟಿಷರ ಮದರಾಸು ಪ್ರಾಂತಕ್ಕೆ ಕಾಲಿಟ್ಟಂತೆ! ಇಂದು ನಾವು ದಿನವೂ ಬಸ್ಸಿನಲ್ಲಿ ದಾಟುವ ಗಡಿಯೇ ಒಂದು ಕಥೆಯ ಗಂಟಾಗಬಲ್ಲುದು. ಇಂಥ ವಿವರಗಳನ್ನು ಮನೆಯ ಅಜ್ಜ ಅಜ್ಜಿಯರಿಂದ ಕೇಳಿ ತಿಳಿಯುವುದೇ ಚರಿತ್ರೆಯ ಉತ್ತಮ ಅಭ್ಯಾಸ.

ಇನ್ನು ಎರಡನೆಯ ವಿದ್ಯೆ. ಇದನ್ನು ನಾವು ಸಂಕೋಚದಿಂದಲೇ ಬರೆಯುತ್ತಿದ್ದೇವೆ. ಕೆಲವು ವರ್ಷಗಳ ಹಿಂದೆ ನಾವು ಪಾಠ ಹೇಳುತ್ತಿದ್ದ ಶಾಲೆಯೊಂದರಲ್ಲಿ ವಾರ್ಷಿಕೋತ್ಸವಕ್ಕೆಂದು ಮಕ್ಕಳು ಕೂಡಿಸಿದ್ದ ಹಣದ ಲಕೋಟೆ ಕಾಣೆಯಾಯಿತು. ತರಗತಿಯಿಂದ ಕೊನೆಗೆ ಹೊರಬಿದ್ದವನು ಒಬ್ಬ ಬಡ ಬಾಲಕ. ಅವನ ಕಿಸೆಯಲ್ಲಿ ಆ ದಿನ ಒಂದು ಹೊಸ ಪೆನ್ನಿತ್ತು. ಸಹಪಾಠಿಗಳು ಪತ್ತೇದಾರರಂತೆ ಲೆಕ್ಕ ಹಾಕಿ ಅವನೇ ಕಳ್ಳನೆಂದರು. ನಾವೂ ಅವನನ್ನು ಕರೆದು ಗಡುಸಾಗಿ ಪ್ರಶ್ನಿಸಿದೆವು. ಅವನು ಒಂದು ಮಾತೂ ಆಡಲಿಲ್ಲ; ಮಾರನೆಯ ದಿನ ಶಾಲೆಗೂ ಬರಲಿಲ್ಲ. ಮೂರನೆಯ ದಿನ ಬೀರುವಿನಲ್ಲಿದ್ದ ಹಳೆಯ ಹಾಜರಿ ಪುಸ್ತಕದ ರಟ್ಟಿನ ನಡುವೆ ಲಕೋಟೆ ದೊರೆಯಿತು. ಅದನ್ನು ಅಲ್ಲಿಟ್ಟು ಮರೆತವರು ನಾವೇ. ಪೆನ್ನು ಅವನ ಸೋದರಮಾವ ಕೊಡಿಸಿದ್ದು. ನಾವು ಅವನ ಮನೆಗೆ ಹೋಗಿ, ತಾಯಿಯ ಎದುರಿನಲ್ಲಿ ಅವನ ಕ್ಷಮೆ ಕೇಳಿದೆವು. ಮರುದಿನ ಪ್ರಾರ್ಥನೆಯ ವೇಳೆಯಲ್ಲಿ ಎಲ್ಲರ ಮುಂದೆ ತಪ್ಪನ್ನೊಪ್ಪಿಕೊಂಡೆವು. ಅವನು ಶಾಲೆಗೆ ಮರಳಿದನು. ಆದರೂ ಆ ಎರಡು ದಿನಗಳನ್ನು ಅವನಿಗೆ ಹಿಂದಿರುಗಿಸಲು ನಮ್ಮಿಂದಾಗಲಿಲ್ಲ.

ಕೊನೆಗೆ ಹೊರಬಿದ್ದದ್ದು ಒಂದು ಸಂಗತಿ. ಹೊಸ ಪೆನ್ನು ಇನ್ನೊಂದು ಸಂಗತಿ. ಇವೆರಡನ್ನೂ ಕಳ್ಳತನಕ್ಕೆ ಗಂಟುಹಾಕಿದ್ದು ಸಾಕ್ಷ್ಯವಲ್ಲ, ಅವನ ಬಡತನದ ಬಗೆಗೆ ನಮ್ಮಲ್ಲಿದ್ದ ಪೂರ್ವಗ್ರಹ. ಬ್ಯೋಮಕೇಶನು ತನ್ನನ್ನು ಪತ್ತೇದಾರನೆಂದು ಕರೆದುಕೊಳ್ಳಲು ಇಷ್ಟಪಡದೆ 'ಸತ್ಯಾನ್ವೇಷಿ' ಎಂದು ಕರೆದುಕೊಂಡನು. ಆ ಹೆಸರಿನ ಅರ್ಥವು ನಮಗೆ ತಿಳಿದದ್ದು ಧಾರಾವಾಹಿಯನ್ನು ನೋಡಿದಾಗಲ್ಲ, ಆ ಹುಡುಗನ ಮನೆಯ ಬಾಗಿಲಲ್ಲಿ ನಿಂತಾಗ.

ಅಭ್ಯಾಸ:
೧. ನೀವು ನೋಡಿದ ಒಂದು ಹಳೆಯ ಕಾಲದ ಕಥೆಯಿಂದ, ಈಗ ಬಳಕೆಯಲ್ಲಿಲ್ಲದ ಮೂರು ವಸ್ತುಗಳನ್ನು ಗುರುತಿಸಿ, ಅವುಗಳ ಉಪಯೋಗವನ್ನು ಹಿರಿಯರಿಂದ ಕೇಳಿ ಬರೆಯಿರಿ.
೨. ೨೦೧೩ರ ಜುಲೈ ತಿಂಗಳಲ್ಲಿ ನಮ್ಮ ದೇಶದಲ್ಲಿ ತಂತಿ ಸೇವೆ ನಿಂತುಹೋಯಿತು. ತಂತಿಯಿಂದ ಆರಂಭವಾಗುವ ಒಂದು ಕಥೆಯನ್ನು ಇಂದಿನ ಕಾಲಕ್ಕೆ ಬದಲಾಯಿಸಿ ಬರೆಯಿರಿ.
೩. 'ನೋಡಿದ್ದು' ಮತ್ತು 'ಊಹಿಸಿದ್ದು' ಎಂಬ ಎರಡು ಶೀರ್ಷಿಕೆಗಳ ಕೆಳಗೆ ನಿಮ್ಮ ಒಂದು ದಿನದ ಅನುಭವಗಳನ್ನು ವಿಂಗಡಿಸಿರಿ.

ಪೋಷಕರು ಮಕ್ಕಳೊಡನೆ ಕುಳಿತು ನೋಡಿ, ಕಥೆ ಮುಗಿದ ಮೇಲೆ "ಇದು ನಿನಗೆ ಹೇಗೆ ತಿಳಿಯಿತು?" ಎಂಬ ಒಂದು ಪ್ರಶ್ನೆಯನ್ನು ಕೇಳಬೇಕೆಂದು ಪ್ರಾರ್ಥಿಸುತ್ತೇವೆ. ಆ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರಿಸಲು ಕಲಿತ ಮಗುವು ಯಾವ ನಿರಪರಾಧಿಯನ್ನೂ ನೋಯಿಸಲಾರದು.