ನಂಬಿಕೆಗೆ ಪಾತ್ರರಾಗುವ ಬಗೆ

‘ವಿಶ್ವಾಸ’ ಎಂಬ ಸಂಸ್ಕೃತ ಶಬ್ದದೊಳಗೆ ‘ಶ್ವಾಸ’ವೂ ಅಡಗಿದೆ. ಶಂಕೆಯಿಲ್ಲದೆ, ನಿರಾತಂಕವಾಗಿ ಉಸಿರಾಡುವುದು ಎಂಬುದೇ ಅದರ ಮೂಲಾರ್ಥ. ಯಾರ ಬಳಿ ಕುಳಿತಾಗ ನಮ್ಮ ಉಸಿರು ಸರಾಗವಾಗಿ ಆಡುವುದೋ ಅವರು ನಮ್ಮ ವಿಶ್ವಾಸಕ್ಕೆ ಪಾತ್ರರು. ಯಾರು ಬಂದೊಡನೆ ನಾವು ಮಾತನ್ನು ತೂಗಿ ಆಡುತ್ತ, ಪೆಟ್ಟಿಗೆಯ ಬೀಗವನ್ನು ಮತ್ತೊಮ್ಮೆ ಮುಟ್ಟಿ ನೋಡಿಕೊಳ್ಳುತ್ತೇವೆಯೋ ಅವರು ಪಾತ್ರರಲ್ಲ. ಲೋಕಾನುಭವದಿಂದ ಇಷ್ಟನ್ನು ಎಲ್ಲರೂ ಬಲ್ಲರು. ಆದರೆ ಮನುಷ್ಯನು ಏಕಾಂತದಲ್ಲಿ ತನ್ನೊಡನೆ ತಾನೇ ಕುಳಿತಾಗ ಅವನ ಉಸಿರು ಹೇಗೆ ಆಡುತ್ತದೆ? ಈ ಪ್ರಶ್ನೆಯನ್ನು ಕೇಳಿಕೊಳ್ಳುವವರು ವಿರಳ. “ನಾಳೆಯಿಂದ ಖಂಡಿತ ಮಾಡುತ್ತೇನೆ” ಎಂದು ಹತ್ತು ಸಲ ಹೇಳಿ ಹತ್ತು ಸಲವೂ ಮಾಡದವನ ಮನಸ್ಸು ಹನ್ನೊಂದನೆಯ ಸಲ ಆ ಮಾತನ್ನು ಕೇಳಿ ಒಳಗೊಳಗೇ ನಗುತ್ತದೆ. ಇಂಥವನನ್ನು ಪರರು ನಂಬುವುದು ಆಮೇಲಿನ ಮಾತಾಯಿತು, ಅವನೇ ತನ್ನನ್ನು ನಂಬಲಾರ.

ನಮ್ಮ ಶ್ರಾವಕಾಚಾರ ಗ್ರಂಥಗಳನ್ನು ಓದುವಾಗ ವ್ರತಗಳನ್ನು ಪುಣ್ಯಸಂಪಾದನೆಯ ಸಾಧನಗಳೆಂದು ಮಾತ್ರ ತಿಳಿಯುವ ರೂಢಿ ಬೆಳೆದುಬಂದಿದೆ. ವ್ರತವು ತನಗೆ ತಾನೇ ಕೊಟ್ಟುಕೊಂಡ ಮಾತು. ಅದನ್ನು ಉಳಿಸಿಕೊಳ್ಳುವ ಅಭ್ಯಾಸದಿಂದಲೇ ಆತ್ಮವಿಶ್ವಾಸವೂ, ಅದರಿಂದ ಪರರ ವಿಶ್ವಾಸವೂ ಬೆಳೆಯುವವು ಎಂಬ ಅಂಶವನ್ನು ಈ ಪಾಠದಲ್ಲಿ ವಿಚಾರ ಮಾಡೋಣ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ತ್ಯಾಗವನ್ನು ಎರಡು ಬಗೆಯಾಗಿ ವಿಂಗಡಿಸಿದ್ದಾರೆ. ಜೀವವಿರುವವರೆಗೆ ಹಿಡಿದದ್ದು ‘ಯಮ’, ಕಾಲದ ಮಿತಿಯಿಟ್ಟು ಹಿಡಿದದ್ದು ‘ನಿಯಮ’. ಆ ಮಿತಿ ಎಷ್ಟೆಂಬುದನ್ನೂ ಅವರು ಬಿಡಿಸಿ ಹೇಳುತ್ತಾರೆ: ಈ ಹೊತ್ತು, ಒಂದು ಹಗಲು, ಒಂದು ಇರುಳು, ಒಂದು ಪಕ್ಷ, ಒಂದು ತಿಂಗಳು, ಒಂದು ಋತು, ಒಂದು ಅಯನ. ಯಾವುದರ ವಿಷಯದಲ್ಲಿ ಎಂಬುದಕ್ಕೂ ಪಟ್ಟಿಯಿದೆ. ಭೋಜನ, ವಾಹನ, ಶಯನ, ಸ್ನಾನ, ಪುಷ್ಪ, ತಾಂಬೂಲ, ವಸ್ತ್ರ, ಆಭರಣ, ಸಂಗೀತ ಮುಂತಾಗಿ ಗೃಹಸ್ಥನ ದಿನಚರಿಯೇ ಅಲ್ಲಿದೆ. ಈ ಪಟ್ಟಿಯನ್ನು ಓದುವಾಗಲೆಲ್ಲ ಆಚಾರ್ಯರ ವ್ಯವಹಾರಜ್ಞಾನಕ್ಕೆ ತಲೆದೂಗಬೇಕೆನಿಸುತ್ತದೆ. ಇಂದಿನ ಒಂದು ಹಗಲು ತಾಂಬೂಲವನ್ನು ಬಿಟ್ಟರೂ ಅದು ನಿಯಮವೇ. ಅಷ್ಟು ಚಿಕ್ಕದನ್ನು ಶಾಸ್ತ್ರವು ಹೀನವೆಂದು ಕಾಣಲಿಲ್ಲ. ಪಾಠಶಾಲೆಯಲ್ಲಿ ಮಗುವಿಗೆ ಮೊದಲ ದಿನವೇ ಮಹಾಕಾವ್ಯವನ್ನು ಕೊಡುವವರುಂಟೇ? ಅಕ್ಷರದ ಮೇಲೆ ಕೈ ಕೂಡಬೇಕು, ಆಮೇಲೆ ಪದ, ಆಮೇಲೆ ವಾಕ್ಯ.

ಆದರೆ ನಮ್ಮಲ್ಲಿ ನಡೆಯುವುದು ಬಹುಮಟ್ಟಿಗೆ ಇದಕ್ಕೆ ವಿರುದ್ಧ. ಪರ್ವದ ದಿನಗಳಲ್ಲಿ, ಮುನಿಗಳ ಸಮ್ಮುಖದಲ್ಲಿ, ನಾಲ್ಕು ಜನ ನೋಡುತ್ತಿರುವಾಗ ಉತ್ಸಾಹ ಏರುತ್ತದೆ. ನೆರೆಮನೆಯವರು ಎಂಟು ಉಪವಾಸ ಹಿಡಿದರೆಂದು ನಾವೂ ಎಂಟು ಹಿಡಿಯುತ್ತೇವೆ. ಮೂರನೆಯ ದಿನಕ್ಕೆ ದೇಹ ಸೋಲುತ್ತದೆ, ಐದನೆಯ ದಿನಕ್ಕೆ ಮನಸ್ಸು ನೆಪವನ್ನು ಹುಡುಕುತ್ತದೆ. ಅಲ್ಲಿ ಕೆಡುವುದು ಉಪವಾಸವೊಂದೇ ಅಲ್ಲ. ‘ನಾನು ಹಿಡಿದದ್ದನ್ನು ನಡೆಸಲಾರದವನು’ ಎಂಬ ಒಂದು ಸಾಕ್ಷ್ಯ ಒಳಗೆ ದಾಖಲಾಗುತ್ತದೆ. ಮುಂದಿನ ವರ್ಷ ವ್ರತ ಹಿಡಿಯಲು ಕೈ ಎತ್ತುವಾಗ ಆ ಸಾಕ್ಷ್ಯವು ಎದ್ದು ನಿಲ್ಲುತ್ತದೆ. ಶಕ್ತ್ಯನುಸಾರವಾಗಿ ತ್ಯಾಗ, ಶಕ್ತ್ಯನುಸಾರವಾಗಿ ತಪಸ್ಸು ಎಂದು ತೀರ್ಥಂಕರ ಪ್ರಕೃತಿಗೆ ಕಾರಣವಾದ ಷೋಡಶ ಭಾವನೆಗಳಲ್ಲಿಯೇ ಹೇಳಿದೆ. ಶಕ್ತಿಯನ್ನು ಮುಚ್ಚಿಡಬಾರದೆಂಬುದು ಅದರ ಒಂದು ಅರ್ಥವಾದರೆ, ಇಲ್ಲದ ಶಕ್ತಿಯನ್ನು ತೋರಿಸಬಾರದೆಂಬುದು ಇನ್ನೊಂದು. ವೃದ್ಧರೂ ರೋಗಿಗಳೂ ಔಷಧಿಯ ಕಾಲನಿಯಮವಿರುವವರೂ ವೈದ್ಯರನ್ನು ಕೇಳಿಯೇ ಉಪವಾಸದ ಮಿತಿಯನ್ನು ಗೊತ್ತುಮಾಡಿಕೊಳ್ಳುವುದು ಉಚಿತ. ಸಮಂತಭದ್ರರು ಚತುರ್ವಿಧ ಆಹಾರವನ್ನು ಬಿಡುವುದನ್ನು ಉಪವಾಸವೆಂದೂ, ಒಂದೇ ಸಲ ಉಣ್ಣುವುದನ್ನು ಪ್ರೋಷಧವೆಂದೂ ಕರೆದಿದ್ದಾರೆ. ಒಪ್ಪೊತ್ತಿನ ಊಟಕ್ಕೂ ಶಾಸ್ತ್ರದಲ್ಲಿ ಹೆಸರಿದೆ, ಸ್ಥಾನವಿದೆ.

ಚಿಕ್ಕ ನಿಯಮದ ಬಲವೆಷ್ಟೆಂಬುದಕ್ಕೆ ರತ್ನಕರಂಡಕವು ಹೆಸರಿಸುವ ಮಾತಂಗನ ಕಥೆಯೇ ಸಾಕ್ಷಿ. ಅಹಿಂಸಾಣುವ್ರತಕ್ಕೆ ನಿದರ್ಶನವಾಗಿ ಆಚಾರ್ಯರು ಯಾವ ಶ್ರೇಷ್ಠಿಯನ್ನೂ ಅರಸನನ್ನೂ ಆರಿಸಲಿಲ್ಲ. ಅಪರಾಧಿಗಳನ್ನು ಕೊಲ್ಲುವುದನ್ನೇ ವೃತ್ತಿಯಾಗಿ ಉಳ್ಳ ಯಮಪಾಲನನ್ನು ಆರಿಸಿದರು. ಚತುರ್ದಶಿಯಂದು ಕೊಲ್ಲೆನೆಂಬುದಷ್ಟೇ ಅವನ ವ್ರತ. ಮಿಕ್ಕ ದಿನಗಳಲ್ಲಿ ವೃತ್ತಿ ನಡೆದೇ ಇತ್ತು. ಆಷ್ಟಾಹ್ನಿಕ ಪರ್ವದಲ್ಲಿ ರಾಜಾಜ್ಞೆಯನ್ನು ಮೀರಿ ಟಗರನ್ನು ಕೊಂದ ರಾಜಕುಮಾರನಿಗೆ ಮರಣದಂಡನೆಯಾಗಿ, ಯಮಪಾಲನಿಗೆ ಕರೆ ಬಂದ ದಿನವು ಚತುರ್ದಶಿಯೇ ಆಗಿತ್ತು. ಅವನು ಮನೆಯೊಳಗೆ ಅಡಗಿಕೊಂಡು, ಊರಲ್ಲಿಲ್ಲವೆಂದು ಹೇಳೆಂದು ಹೆಂಡತಿಗೆ ತಿಳಿಸಿದನು. ವಧೆಯಾಗುವ ಕುಮಾರನ ಆಭರಣಗಳ ಆಸೆಗೆ ಬಿದ್ದ ಅವಳು ಬಾಯಲ್ಲಿ ಇಲ್ಲವೆನ್ನುತ್ತ ಕೈಯಲ್ಲಿ ಅವನಿದ್ದ ಸ್ಥಳವನ್ನು ತೋರಿಸಿದಳು. ಹಿಡಿದು ತಂದು ನಿಲ್ಲಿಸಿದಾಗ ಅವನು ತನ್ನ ವ್ರತವನ್ನು ಅರಸನೆದುರಿಗೇ ಹೇಳಿ, ಪ್ರಾಣ ಹೋದರೂ ಇಂದು ಕೊಲ್ಲೆನೆಂದನು. ಕೊಳಕ್ಕೆ ಎಸೆಯಲ್ಪಟ್ಟ ಅವನನ್ನು ದೇವತೆಗಳು ರಕ್ಷಿಸಿದರೆಂದು ಕಥೆ ಮುಗಿಯುತ್ತದೆ. ದೇವತೆಗಳ ಭಾಗವನ್ನು ಒಂದು ಕ್ಷಣ ಬದಿಗಿಟ್ಟು ನೋಡಿ. ಹದಿನೈದು ದಿನಕ್ಕೊಮ್ಮೆ ನಡೆಸಿಕೊಂಡು ಬಂದ ಒಂದು ದಿನದ ನಿಯಮವು ಅವನಿಗೆ ತನ್ನ ಮೇಲೆ ಎಂಥ ಭರವಸೆಯನ್ನು ಕೊಟ್ಟಿತ್ತೆಂದರೆ, ಅರಸನ ಮುಂದೆ ಮಾತು ತಡವರಿಸಲಿಲ್ಲ. ಅವನು ಮೊದಲು ಅಡಗಿಕೊಂಡದ್ದನ್ನೂ ಸುಳ್ಳು ಹೇಳಿಸಿದ್ದನ್ನೂ ಕಥೆಗಾರರು ಮರೆಮಾಚಲಿಲ್ಲ ಎಂಬುದನ್ನು ಗಮನಿಸಬೇಕು. ಎಲ್ಲ ಗುಣಗಳೂ ತುಂಬಿದ ಮೇಲೆ ವ್ರತ ಹಿಡಿಯೋಣವೆಂದು ಕಾಯುವವರಿಗೆ ಇದೇ ಉತ್ತರ.

ಇನ್ನು ಪರರ ನಂಬಿಕೆಯ ಮಾತು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ ಐದು ಅತಿಚಾರಗಳನ್ನು ಉಮಾಸ್ವಾಮಿಗಳು ಹೇಳಿದ್ದಾರೆ. ಅತಿಚಾರವೆಂದರೆ ವ್ರತವು ಪೂರ್ಣವಾಗಿ ಮುರಿಯದೆ ಮಲಿನವಾಗುವುದು. ಮಿಥ್ಯೋಪದೇಶ, ರಹೋಭ್ಯಾಖ್ಯಾನ, ಕೂಟಲೇಖಕ್ರಿಯೆ, ನ್ಯಾಸಾಪಹಾರ, ಸಾಕಾರಮಂತ್ರಭೇದ ಎಂಬ ಈ ಐದನ್ನು ಮಕ್ಕಳು ಕಂಠಪಾಠ ಮಾಡಿ ಒಪ್ಪಿಸುತ್ತಾರೆ. ಒಂದೊಂದನ್ನೂ ಬಿಡಿಸಿ ನೋಡಿದರೆ ಐದೂ ವಿಶ್ವಾಸಭಂಗದ ಪ್ರಕಾರಗಳೇ ಆಗಿವೆ. ತಪ್ಪು ದಾರಿಯನ್ನು ಹಿತವೆಂದು ಬೋಧಿಸುವುದು, ಏಕಾಂತದಲ್ಲಿ ನಡೆದದ್ದನ್ನು ಬಯಲು ಮಾಡುವುದು, ಸುಳ್ಳು ಪತ್ರವನ್ನು ಸೃಷ್ಟಿಸುವುದು, ಇವು ಮೂರೂ ಸ್ಪಷ್ಟವಾಗಿವೆ. ಉಳಿದ ಎರಡು ಸೂಕ್ಷ್ಮವಾದುವು. ಅವುಗಳಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು.

ನ್ಯಾಸವೆಂದರೆ ಒಬ್ಬರು ನಂಬಿ ನಮ್ಮಲ್ಲಿಟ್ಟ ಒಡವೆ. ಅದನ್ನು ಪೂರ್ತಿ ನುಂಗಿಬಿಡುವುದು ಕಳವೇ ಆಯಿತು. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ನ್ಯಾಸಾಪಹಾರಕ್ಕೆ ಕೊಡುವ ವಿವರಣೆ ಬೇರೆಯಾಗಿದೆ. ಇಟ್ಟವನು ಎಷ್ಟಿಟ್ಟೆನೆಂಬ ಎಣಿಕೆಯನ್ನು ಮರೆತಿದ್ದಾನೆ. ಬಂದು ಕಡಮೆಯನ್ನು ಕೇಳುತ್ತಾನೆ. ಇವನು “ಹೌದು, ಅಷ್ಟೇ” ಎಂದು ಒಪ್ಪಿ ಕೊಡುತ್ತಾನೆ. ಇಷ್ಟೇ ಅತಿಚಾರ. ಇಲ್ಲಿ ಬಲಾತ್ಕಾರವಿಲ್ಲ, ಕೇಳಿದ್ದನ್ನು ಕೇಳಿದಷ್ಟೂ ಕೊಟ್ಟಾಯಿತು, ಲೋಕದ ಕಣ್ಣಿಗೆ ಲೆಕ್ಕ ಚುಕ್ತಾ. ಅವನ ಮರೆವಿನ ಮರೆಯಲ್ಲಿ ನಿಂತು ‘ಹೌದು’ ಎಂದ ಒಂದು ಮಾತಿನಿಂದ ಸತ್ಯವ್ರತವು ಮಲಿನವಾಯಿತು. ಅಂಗಡಿಯಲ್ಲಿ ಗಿರಾಕಿ ಹೆಚ್ಚು ಹಣವನ್ನು ಕೊಟ್ಟು ಹೋದಾಗ, ವೃದ್ಧ ಸೋದರತ್ತೆ ತನ್ನ ಸರದ ಎಳೆಗಳ ಲೆಕ್ಕವನ್ನು ತಪ್ಪಿ ಹೇಳಿದಾಗ, ಅಣ್ಣತಮ್ಮಂದಿರ ಪಾಲುಪಟ್ಟಿಯಲ್ಲಿ ಒಂದು ತುಂಡು ತೋಟ ಬರೆಯಲು ಬಿಟ್ಟುಹೋದಾಗ, ಆ ‘ಹೌದು’ ಎಂಬ ಮಾತು ನಾಲಿಗೆಯ ತುದಿಗೆ ಬಂದೇ ಬರುತ್ತದೆ. ಒಡಹುಟ್ಟಿದವರು ಒಂದೇ ಬಸದಿಯ ಎರಡು ಬದಿಗಳಲ್ಲಿ ನಿಂತು ಅಭಿಷೇಕ ನೋಡುವಂತಾದುದಕ್ಕೆ ಇಂಥ ಒಂದು ‘ಹೌದು’ ಕಾರಣವಾಗಿರುವುದನ್ನು ಊರೂರಿನಲ್ಲಿ ಕಾಣಬಹುದು.

ಸತ್ಯಘೋಷನ ಕಥೆಯನ್ನು ಹಿರಿಯರು ಬಲ್ಲರು. ಜನಿವಾರಕ್ಕೆ ಕತ್ತಿಯನ್ನು ಕಟ್ಟಿಕೊಂಡು, ಸುಳ್ಳು ನುಡಿದರೆ ನಾಲಿಗೆಯನ್ನೇ ಕತ್ತರಿಸಿಕೊಳ್ಳುವೆನೆಂದು ಸಾರುತ್ತಿದ್ದ ಆ ಪುರೋಹಿತ ಶ್ರೀಭೂತಿಯ ಬಳಿ ಸಮುದ್ರದತ್ತನೆಂಬ ವ್ಯಾಪಾರಿಯು ರತ್ನಗಳನ್ನಿಟ್ಟು ಹಡಗಿನ ವ್ಯಾಪಾರಕ್ಕೆ ಹೋದನು. ಎಲ್ಲವನ್ನೂ ಕಳೆದುಕೊಂಡು ಬರಿಗೈಯಲ್ಲಿ ಬಂದು ಕೇಳಿದಾಗ, ಇವನಿಗೆ ಹುಚ್ಚು ಹಿಡಿದಿದೆಯೆಂದು ಪುರೋಹಿತನು ಸಭೆಯನ್ನು ನಂಬಿಸಿದನು. ಅರಮನೆಯ ಬಳಿ ಮರವೇರಿ ಇರುಳೆಲ್ಲ ಕೂಗುತ್ತಿದ್ದ ಆ ವ್ಯಾಪಾರಿಯ ಮಾತಿನಲ್ಲಿ ರಾಣಿ ರಾಮದತ್ತೆಯು ಒಂದನ್ನು ಗುರುತಿಸಿದಳು: ಹುಚ್ಚನ ಮಾತು ದಿನಕ್ಕೊಂದು ಬಗೆಯಾಗುತ್ತದೆ, ಇವನದು ದಿನವೂ ಒಂದೇ. ಆಮೇಲೆ ಅವಳು ಪಗಡೆಯಾಟದ ಉಪಾಯದಿಂದ ಪುರೋಹಿತನ ಮನೆಯ ರತ್ನಗಳನ್ನು ತರಿಸಿದಳು. ಬೇರೆ ರತ್ನಗಳೊಡನೆ ಬೆರಸಿ ಮುಂದಿಟ್ಟಾಗ ಸಮುದ್ರದತ್ತನು ತನ್ನವನ್ನು ಮಾತ್ರ ಆರಿಸಿಕೊಂಡನು. ಇಲ್ಲಿ ನಂಬಿಕೆಯ ಎರಡು ಲಕ್ಷಣಗಳು ಎದುರುಬದುರಾಗಿ ನಿಂತಿವೆ. ಒಬ್ಬನದು ಕೊರಳಲ್ಲಿ ತೂಗುವ ಕತ್ತಿ, ಎಂದರೆ ಪ್ರದರ್ಶನ. ಇನ್ನೊಬ್ಬನದು ದಿನದಿನವೂ ಬದಲಾಗದ ಮಾತು, ಕಣ್ಣೆದುರಿಗೆ ಹೆಚ್ಚಿನದಿದ್ದರೂ ತನ್ನದನ್ನು ಮಾತ್ರ ತೆಗೆದುಕೊಂಡ ಕೈ.

ಸಾಕಾರಮಂತ್ರಭೇದವೆಂದರೆ ಮಾತಿನ ಸಂದರ್ಭದಿಂದ, ಅಂಗಚೇಷ್ಟೆಯಿಂದ, ಹುಬ್ಬಿನ ಚಲನೆಯಿಂದ ಇನ್ನೊಬ್ಬರ ಅಭಿಪ್ರಾಯವನ್ನು ಊಹಿಸಿ, ಅಸೂಯೆಯಿಂದ ಅದನ್ನು ಹೊರಗೆಡಹುವುದು. ಅವರು ಹೇಳಲೇ ಇಲ್ಲ, ನಾವು ಕಂಡುಕೊಂಡೆವು. ಆದುದರಿಂದ ಗುಟ್ಟು ಬಿಟ್ಟುಕೊಟ್ಟ ದೋಷ ನಮಗಿಲ್ಲವೆಂಬ ವಾದಕ್ಕೆ ಪೂಜ್ಯಪಾದರು ಎಡೆಯನ್ನೇ ಇಡಲಿಲ್ಲ. ಸೊಸೆಯ ಮುಖ ಬಾಡಿದ್ದನ್ನು ನೋಡಿ ಬೀದಿಯಲ್ಲಿ ಕಥೆ ಹೆಣೆಯುವುದು ಹಿಂದಿನ ಕಾಲದ ರೀತಿ. ಒಬ್ಬರು ನಂಬಿ ಕಳುಹಿಸಿದ ನಾಲ್ಕು ಸಾಲನ್ನು ಮೊಬೈಲಿನಲ್ಲಿ ಹತ್ತು ಜನಕ್ಕೆ ದಾಟಿಸುವುದು ಇಂದಿನ ರೀತಿ. ಅತಿಚಾರ ಒಂದೇ, ವೇಗ ಮಾತ್ರ ಹೆಚ್ಚಿದೆ.

ಸುಳ್ಳು ಹುಟ್ಟುವುದಾದರೂ ಎಲ್ಲಿಂದ? ಅದೇ ಅಧ್ಯಾಯದಲ್ಲಿ ಸತ್ಯವ್ರತದ ಭಾವನೆಗಳನ್ನು ಹೇಳುವಾಗ ಕ್ರೋಧ, ಲೋಭ, ಭಯ, ಹಾಸ್ಯ ಎಂಬ ನಾಲ್ಕನ್ನು ಬಿಡಬೇಕೆಂದೂ, ಆಲೋಚಿಸಿ ನುಡಿಯಬೇಕೆಂದೂ ವಿಧಿಸಿದೆ. ಕ್ರೋಧ ಲೋಭಗಳನ್ನು ಎಲ್ಲರೂ ಒಪ್ಪುತ್ತಾರೆ. ಹಾಸ್ಯವು ಆ ಸಾಲಿನಲ್ಲಿರುವುದು ಹಲವರಿಗೆ ಅಚ್ಚರಿ. ಗಂಗರ ಮಂತ್ರಿಯೂ ಸೇನಾನಿಯೂ ಆಗಿ, ಶ್ರವಣಬೆಳಗೊಳದಲ್ಲಿ ಗೊಮ್ಮಟೇಶ್ವರನನ್ನು ಮಾಡಿಸಿದ, 978ರಲ್ಲಿ ತನ್ನ ಪುರಾಣವನ್ನು ಮುಗಿಸಿದ ಚಾವುಂಡರಾಯನಿಗೆ ‘ಸತ್ಯಯುಧಿಷ್ಠಿರ’ನೆಂಬ ಬಿರುದಿತ್ತು. ಪರಿಹಾಸಕ್ಕೂ ಸುಳ್ಳಾಡದವನೆಂಬುದು ಅದಕ್ಕೆ ಕೊಡುವ ಕಾರಣ. ರಣರಂಗದಲ್ಲಿ ಬಿರುದುಗಳನ್ನು ಗಳಿಸಿದ ವೀರನಿಗೆ ನಗೆಮಾತಿನ ಎಚ್ಚರವೂ ಒಂದು ಬಿರುದಾಯಿತು. ಭಯದಿಂದ ಹುಟ್ಟುವ ಸುಳ್ಳು ಮಾತ್ರ ಕೇಳುವವನ ಹೊಣೆಯೂ ಹೌದು. ಗಾಜಿನ ಲೋಟ ಒಡೆದುದಕ್ಕೆ ಬೆನ್ನು ಬಾತುಕೊಳ್ಳುವಂತೆ ಹೊಡೆಯುವ ಮನೆಯಲ್ಲಿ ಮಗು ಸುಳ್ಳನ್ನು ಕಲಿಯದೆ ಇನ್ನೇನನ್ನು ಕಲಿತೀತು? ಮೂವತ್ತಕ್ಕೂ ಹೆಚ್ಚು ವರ್ಷ ಮಕ್ಕಳ ನಡುವೆ ಕಳೆದವನಾಗಿ ಇದನ್ನು ಧೈರ್ಯವಾಗಿ ಹೇಳಬಲ್ಲೆ.

ನಂಬಿಕೆಯು ಒಮ್ಮೆ ಸಡಿಲಿದ ಮೇಲೆ ಏನು ಮಾಡಬೇಕೆಂಬುದು ಕಠಿನವಾದ ಪ್ರಶ್ನೆ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಸ್ಥಿತೀಕರಣವೂ ಒಂದು. ಜಾರುತ್ತಿರುವವನನ್ನು ಮತ್ತೆ ನೆಲೆಗೆ ನಿಲ್ಲಿಸುವುದೇ ಅದು. ಶ್ರೇಣಿಕ ಮಹಾರಾಜನ ಮಗ ವಾರಿಷೇಣ ಮುನಿಯೊಡನೆ ದೀಕ್ಷೆ ಪಡೆದ ಗೆಳೆಯ ಪುಷ್ಪಡಾಲನು ಹನ್ನೆರಡು ವರ್ಷ ಸಂಚರಿಸಿದರೂ ಮನಸ್ಸಿನಲ್ಲಿ ಬಿಟ್ಟುಬಂದ ಹೆಂಡತಿಯನ್ನೇ ನೆನೆಯುತ್ತಿದ್ದನು. ಅದನ್ನರಿತ ವಾರಿಷೇಣನು ಅವನನ್ನು ಬೈಯಲಿಲ್ಲ, ಸಂಘದ ಮುಂದೆ ಹೆಸರು ಹಿಡಿದು ಕೂಗಲೂ ಇಲ್ಲ. ತನ್ನ ಅರಮನೆಗೇ ಕರೆದುಕೊಂಡು ಬಂದನು. ಬರುತ್ತಿರುವ ಮಗನನ್ನು ಕಂಡ ತಾಯಿ ಚೇಲನೆಗೆ, ಇವನೇ ವ್ರತದಿಂದ ಜಾರಿ ಮರಳಿದನೇನೋ ಎಂಬ ಶಂಕೆ ಹುಟ್ಟಿತು. ಅವಳು ಒಂದು ಮಾತನ್ನೂ ಆಡದೆ ಎರಡು ಆಸನಗಳನ್ನು ಹಾಕಿಸಿದಳು. ಒಂದು ರಾಗಿಗಳಿಗೆ ತಕ್ಕದ್ದು, ಇನ್ನೊಂದು ವಿರಕ್ತರಿಗೆ ತಕ್ಕದ್ದು. ವಾರಿಷೇಣನು ವಿರಕ್ತನ ಆಸನದಲ್ಲಿ ಕುಳಿತನು, ತಾಯಿಯ ಶಂಕೆ ಅಲ್ಲಿಗೆ ಮುಗಿಯಿತು. ಆಮೇಲೆ ಅವನು ಅಲಂಕೃತರಾದ ತನ್ನ ಪತ್ನಿಯರನ್ನು ಕರೆಸಿ, ಇವರನ್ನೂ ಯುವರಾಜ ಪದವಿಯನ್ನೂ ನೀನೇ ತೆಗೆದುಕೋ ಎಂದು ಪುಷ್ಪಡಾಲನಿಗೆ ಹೇಳಿದಾಗ ಗೆಳೆಯನು ನಾಚಿ ನೆಲೆಗೊಂಡನು. ಈ ಕಥೆಯನ್ನು ಗೆಳೆಯನ ಸಲುವಾಗಿ ಹೇಳುವುದು ವಾಡಿಕೆ. ನನ್ನ ಗಮನವು ಆ ಎರಡು ಆಸನಗಳ ಕಡೆಗೇ ಹೋಗುತ್ತದೆ. ಶಂಕೆ ಹುಟ್ಟುವುದನ್ನು ತಾಯಿಯೂ ತಡೆಯಲಾರಳು. ಆದರೆ ಶಂಕೆಯನ್ನು ದೋಷಾರೋಪಣೆಯಾಗಿ ಮಾಡದೆ, ಎದುರಿನವನು ತನ್ನನ್ನು ತೋರಿಸಿಕೊಳ್ಳಲು ಎಡೆಮಾಡಿಕೊಟ್ಟಳು. ಗಂಡಹೆಂಡಿರ ನಡುವೆ, ಪಾಲುದಾರರ ನಡುವೆ, ಬೆಳೆದ ಮಕ್ಕಳ ವಿಷಯದಲ್ಲಿ ಈ ವಿವೇಕವು ಎಷ್ಟು ಮನೆಗಳನ್ನು ಉಳಿಸೀತು!

ಪಾಠವನ್ನು ಅಭ್ಯಾಸಕ್ಕೆ ತರಲಿಚ್ಛಿಸುವ ಶ್ರಾವಕ ಶ್ರಾವಿಕೆಯರಿಗೆ ಕೊನೆಯದಾಗಿ ಒಂದು ಸೂಚನೆ. ಪ್ರೋಷಧೋಪವಾಸದ ಅತಿಚಾರಗಳಲ್ಲಿ ಅನಾದರದೊಡನೆ ಮರೆವನ್ನೂ ಎಣಿಸಿದ್ದಾರೆ. ‘ಮರೆತೆ’ ಎಂಬುದು ಸಮಾಧಾನವಾಗಲಾರದು. ಆದಕಾರಣ ಬರುವ ಅಷ್ಟಮಿಯಂದು ಒಂದೇ ಒಂದು ನಿಯಮವನ್ನು, ಚತುರ್ದಶಿಯವರೆಗೆ ಎಂದು ಮಿತಿಯಿಟ್ಟು, ಒಂದು ಪುಸ್ತಕದಲ್ಲಿ ಬರೆದುಕೊಳ್ಳಿರಿ. ಸೂರ್ಯಾಸ್ತದ ಮೊದಲು ಊಟ ಮುಗಿಸುವುದಾಗಲಿ, ಒಂದು ರಸವನ್ನು ಬಿಡುವುದಾಗಲಿ, ಮನೆಯವರಿಗೆ ಬರುವೆನೆಂದ ಹೊತ್ತಿಗೆ ಬರುವುದಾಗಲಿ, ಯಾವುದಾದರೂ ಆದೀತು. ಯಾರಿಗೂ ಹೇಳುವುದು ಬೇಡ. ಪ್ರತಿದಿನ ಸಂಜೆ ಪ್ರತಿಕ್ರಮಣದ ಹೊತ್ತಿನಲ್ಲಿ ‘ನಡೆಯಿತು’ ಅಥವಾ ‘ತಪ್ಪಿತು’ ಎಂದು ಒಂದೇ ಪದವನ್ನು ಬರೆಯಿರಿ. ತಪ್ಪಿದರೆ ಕಾರಣವನ್ನು ಬರೆಯಬೇಡಿ. ಕಾರಣಗಳು ಬಹುಬೇಗ ನೆಪಗಳಾಗುತ್ತವೆ. ಚತುರ್ದಶಿಯಂದು ಎಣಿಸಿ ನೋಡಿ, ಎಲ್ಲ ದಿನಗಳೂ ನಡೆದಿದ್ದರೆ ಮಾತ್ರ ಮುಂದಿನ ಪಕ್ಷಕ್ಕೆ ಮಿತಿಯನ್ನು ಹೆಚ್ಚಿಸಿ, ಇಲ್ಲವಾದರೆ ಅದೇ ನಿಯಮವನ್ನು ಮತ್ತೊಮ್ಮೆ ಹಿಡಿಯಿರಿ.