ಕದ್ರಿ ಗೋಪಾಲನಾಥರ ಸ್ಯಾಕ್ಸೊಫೋನ್

ಪೋತ್ತನೂರು ರೈಲು ನಿಲ್ದಾಣ ನಿಮಗೆ ಗೊತ್ತು. ಮಂಗಳೂರಿನಿಂದ ಚೆನ್ನೈಗೆ ಹೋಗುವ ರೈಲುಗಳು ಈ ದಾರಿಯಲ್ಲಿ ಓಡುತ್ತವೆ. ದಾರಿಯ ಒಂದು ತುದಿ ಮಂಗಳೂರು. ಇನ್ನೊಂದು ತುದಿ ಚೆನ್ನೈ. ಈ ಎರಡೂ ಊರುಗಳಲ್ಲಿ ಸಂಗೀತ ಕಲಿತು ಲೋಕಕ್ಕೆಲ್ಲಾ ಹೆಸರಾದ ಒಬ್ಬ ಕಲಾವಿದರ ಬಗ್ಗೆ ಈ ಪಾಠದಲ್ಲಿ ಓದೋಣ. ಅವರೇ ಕದ್ರಿ ಗೋಪಾಲನಾಥ್.

ಅವಸರ ಬೇಡ. ದೊಡ್ಡ ಪದ ಬಂದರೆ ಬಿಡಿಸಿ ಓದಿ. ಸ್ಯಾಕ್ - ಸೊ - ಫೋನ್.

ಮನೆಯಲ್ಲಿ ನಾಗಸ್ವರ

ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ ತಾಲೂಕಿನಲ್ಲಿ ಸಜೀಪಮೂಡ ಎಂಬ ಹಳ್ಳಿ ಇದೆ. ಗೋಪಾಲನಾಥರು 1949ರಲ್ಲಿ ಅಲ್ಲಿ ಹುಟ್ಟಿದರು. ತಂದೆ ತನಿಯಪ್ಪ, ತಾಯಿ ಗಂಗಮ್ಮ. ತಂದೆ ನಾಗಸ್ವರ ವಿದ್ವಾಂಸರು. ನಾಗಸ್ವರವನ್ನು ನೀವು ಮದುವೆಯಲ್ಲಿ, ಗುಡಿಯಲ್ಲಿ ಕೇಳಿರ್ತೀರಿ, ಅಲ್ವಾ? ಗೋಪಾಲನಾಥರು ತಂದೆಯಿಂದ ಮೊದಲು ಕಲಿತದ್ದೂ ಅದನ್ನೇ.

ಒಮ್ಮೆ ಅವರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿದರು. ಆ ನಾದಕ್ಕೆ ಮನಸೋತರು. ‘ನಾನೂ ಇದನ್ನು ಕಲಿಯಬೇಕು’ ಎಂದು ನಿಶ್ಚಯ ಮಾಡಿದರು.

ಇದು ಎಂಥ ವಾದ್ಯ?

ಸ್ಯಾಕ್ಸೊಫೋನನ್ನು ಕಂಡುಹಿಡಿದವರು ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸ್. 1846ರಲ್ಲಿ ಅವರಿಗೆ ಅದರ ಹಕ್ಕುಪತ್ರ ಸಿಕ್ಕಿತು. ಅವರ ಹೆಸರೇ ವಾದ್ಯಕ್ಕೆ ಬಂತು. ಅದರ ಮೈ ಹಿತ್ತಾಳೆಯದು. ಬಾಯಿಡುವ ಕಡೆ ಒಂದು ತೆಳು ಪಟ್ಟಿ ಇರುತ್ತದೆ. ಊದಿದಾಗ ಆ ಪಟ್ಟಿ ನಡುಗುತ್ತದೆ. ಆಗ ನಾದ ಹುಟ್ಟುತ್ತದೆ.

ನಾಗಸ್ವರದ ತೂತುಗಳನ್ನು ಬೆರಳಿನಿಂದಲೇ ಮುಚ್ಚುತ್ತಾರೆ. ಬೆರಳನ್ನು ಅರ್ಧ ಸರಿಸಿದರೆ ಸ್ವರ ಜಾರುತ್ತದೆ, ಓಲಾಡುತ್ತದೆ. ಹೀಗೆ ಸ್ವರವನ್ನು ಓಲಾಡಿಸುವುದಕ್ಕೆ ಗಮಕ ಎನ್ನುತ್ತಾರೆ. ಕರ್ನಾಟಕ ಸಂಗೀತಕ್ಕೆ ಗಮಕವೇ ಜೀವ.

ಸ್ಯಾಕ್ಸೊಫೋನಿನಲ್ಲಿ ತೂತು ಬೆರಳಿಗೆ ಸಿಗುವುದಿಲ್ಲ. ಅದನ್ನು ಮುಚ್ಚಲು ಕೀಲಿಗಳಿವೆ. ಕೀಲಿ ಒತ್ತಿದರೆ ಒಂದು ಸ್ವರ, ಬಿಟ್ಟರೆ ಇನ್ನೊಂದು ಸ್ವರ. ನಡುವೆ ಜಾರುವುದು ಬಹಳ ಕಷ್ಟ. ಹಾಗಾದರೆ ಇದರಲ್ಲಿ ರಾಗ ನುಡಿಸುವುದು ಹೇಗೆ?

ವರ್ಷಗಟ್ಟಲೆ ಸಾಧನೆ

ಮಂಗಳೂರಿನ ಕಲಾನಿಕೇತನದಲ್ಲಿ ಗೋಪಾಲಕೃಷ್ಣ ಅಯ್ಯರ್ ಅವರ ಬಳಿ ಗೋಪಾಲನಾಥರು ಪಾಠ ಕಲಿತರು. ಮುಂದೆ ಮದರಾಸಿಗೆ, ಅಂದರೆ ಈಗಿನ ಚೆನ್ನೈಗೆ ಹೋದರು. ಅಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರ ಗುರುಗಳಾದರು.

ಗೋಪಾಲನಾಥರು ವಾದ್ಯದ ಕೀಲಿಗಳಲ್ಲಿ ಕೆಲವು ಬದಲಾವಣೆ ಮಾಡಿಕೊಂಡರು. ತುಟಿಯ ಹಿಡಿತ, ಉಸಿರಿನ ಹಿಡಿತ ಸಾಧಿಸಿದರು. ಇದು ಒಂದೆರಡು ದಿನದ ಕೆಲಸ ಅಲ್ಲ. ಪೂರ್ತಿ ಕೈವಶವಾಗಲು ಸುಮಾರು 20 ವರ್ಷ ಹಿಡಿಯಿತು ಎನ್ನುತ್ತಾರೆ. ಕಡೆಗೆ ಪರದೇಶದ ವಾದ್ಯ ನಮ್ಮ ರಾಗಗಳನ್ನು ಹಾಡಿತು!

ಜಾಜ್ ಜೊತೆ ಸ್ನೇಹ

ಜಾಜ್ ಎಂಬುದು ಒಂದು ಬಗೆಯ ಸಂಗೀತ. ಅಮೆರಿಕದ ಕಪ್ಪು ಜನರ ನಡುವೆ, ಸುಮಾರು 1900ರ ಹೊತ್ತಿಗೆ, ನ್ಯೂ ಆರ್ಲಿಯನ್ಸ್ ಊರಿನಲ್ಲಿ ಅದು ಬೆಳೆಯಿತು. ಅವರ ಹಿರಿಯರು ಗುಲಾಮರಾಗಿ ದುಡಿದವರು. ಜಾಜ್ ನುಡಿಸುವವರು ಎಲ್ಲವನ್ನೂ ಮೊದಲೇ ಬರೆದಿಟ್ಟುಕೊಳ್ಳುವುದಿಲ್ಲ. ನುಡಿಸುತ್ತಾ ನುಡಿಸುತ್ತಾ ಹೊಸದಾಗಿ ಕಟ್ಟುತ್ತಾರೆ. ನಮ್ಮ ವಿದ್ವಾಂಸರು ರಾಗ ಆಲಾಪನೆ ಮಾಡುವುದೂ ಹೀಗೇ ತಾನೆ? ಆದ್ದರಿಂದ ಇಬ್ಬರೂ ಒಂದೇ ವೇದಿಕೆಯಲ್ಲಿ ಕೂಡಿ ನುಡಿಸಬಹುದು.

1980ರಲ್ಲಿ ಮುಂಬಯಿಯಲ್ಲಿ ಜಾಜ್ ಉತ್ಸವ ನಡೆಯಿತು. ಅಲ್ಲಿ ಅಮೆರಿಕದ ಜಾಜ್ ಕಲಾವಿದ ಜಾನ್ ಹ್ಯಾಂಡಿ ಗೋಪಾಲನಾಥರ ವಾದನ ಕೇಳಿದರು. ತಾವೂ ಜೊತೆಗೂಡಿ ನುಡಿಸಿದರು. ಒಬ್ಬರದು ಜಾಜ್, ಒಬ್ಬರದು ರಾಗ. ಇಬ್ಬರ ವಾದ್ಯವೂ ಸ್ಯಾಕ್ಸೊಫೋನೇ.

1994ರಲ್ಲಿ ಗೋಪಾಲನಾಥರು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಬಿಬಿಸಿಯ ಉತ್ಸವದಲ್ಲಿ ನುಡಿಸಿದರು. ಅದೇ ವರ್ಷ ‘ಡ್ಯುಯೆಟ್’ ಎಂಬ ತಮಿಳು ಸಿನಿಮಾ ಬಂತು. ಸಂಗೀತ ಎ.ಆರ್. ರಹಮಾನ್ ಅವರದು. ನಿಮ್ಮಲ್ಲಿ ಕೆಲವರು ನೋಡಿರಬಹುದು. ಪರದೆಯ ಮೇಲೆ ಸ್ಯಾಕ್ಸೊಫೋನ್ ಹಿಡಿದವರು ನಟ ಪ್ರಭು. ಆ ನಾದದಲ್ಲಿ ಇದ್ದದ್ದು ಗೋಪಾಲನಾಥರ ಉಸಿರು.

ಅಮೆರಿಕದಲ್ಲಿ ಬೆಳೆದ ರುದ್ರೇಶ್ ಮಹಾಂತಪ್ಪ ಕರ್ನಾಟಕ ಮೂಲದ ಮನೆಯವರು. ಅವರೂ ಜಾಜ್ ಸ್ಯಾಕ್ಸೊಫೋನ್ ಕಲಾವಿದರು. ಗೋಪಾಲನಾಥರ ಧ್ವನಿಮುದ್ರಿಕೆಯೊಂದನ್ನು ಅವರಿಗೆ ಸಹೋದರ ತಂದುಕೊಟ್ಟರು. ಅದನ್ನು ಕೇಳಿ ಬೆರಗಾದರು. ಮುಂದೆ ಇಬ್ಬರೂ ಕೂಡಿ ನುಡಿಸಿದರು. 2008ರಲ್ಲಿ ‘ಕಿನ್ಸ್‌ಮೆನ್’ ಎಂಬ ಧ್ವನಿಮುದ್ರಿಕೆ ಹೊರಬಂತು. ‘ಕಿನ್ಸ್‌ಮೆನ್’ ಎಂದರೆ ನೆಂಟರು. ಅದರಲ್ಲಿ ಎ. ಕನ್ಯಾಕುಮಾರಿ ಅವರ ಪಿಟೀಲು ಇದೆ. ಕರಾಚಿಯಲ್ಲಿ ಹುಟ್ಟಿದ ರೆಜ್ ಅಬ್ಬಾಸಿ ಅವರ ಜಾಜ್ ಗಿಟಾರ್ ಇದೆ. ಮೃದಂಗವೂ ಇದೆ. ಎಲ್ಲೆಲ್ಲಿಯವರೋ ನಾದದಿಂದ ನೆಂಟರಾದರು.

ಭಾರತ ಸರ್ಕಾರ 2004ರಲ್ಲಿ ಗೋಪಾಲನಾಥರಿಗೆ ಪದ್ಮಶ್ರೀ ಪ್ರಶಸ್ತಿ ನೀಡಿತು. ಅವರು 2019ರ ಅಕ್ಟೋಬರ್ 11ರಂದು ಮಂಗಳೂರಿನಲ್ಲಿ ತೀರಿಕೊಂಡರು. ಅವರು ತೋರಿಸಿದ ದಾರಿಯಲ್ಲಿ ಇಂದು ಬೇರೆಯವರು ನಡೆಯುತ್ತಿದ್ದಾರೆ.

ನಮಗೇನು ಪಾಠ?

ನಿಮ್ಮಲ್ಲಿ ಹಲವರು ಮನೆಯಲ್ಲಿ ಕನ್ನಡ ಆಡ್ತೀರಿ, ಪೇಟೆಯಲ್ಲಿ ತಮಿಳು ಆಡ್ತೀರಿ. ಕನ್ನಡ ಅಕ್ಷರ ಮಾತ್ರ ಈಗ ಕಲಿಯುತ್ತಿದ್ದೀರಿ. ‘ಈ ವಯಸ್ಸಿಗೆ ಇದು ನಮಗೆ ಒಗ್ಗುತ್ತಾ?’ ಎಂದು ಅಳುಕು ಇರಬಹುದು. ಗೋಪಾಲನಾಥರಿಗೆ ವಾದ್ಯ ಹೊಸದು, ರಾಗ ಹಳೆಯದು. ನಿಮಗೆ ಅಕ್ಷರ ಹೊಸದು, ಮಾತು ಹಳೆಯದು. ಕೈಗೆ ಒಗ್ಗಲು ದಿನ ಬೇಕು, ಅಷ್ಟೇ. ದಿನಾ ನಾಲ್ಕು ಸಾಲು ಓದಿ, ಒಂದು ಸಾಲು ಬರೆಯಿರಿ.

ಪದಗಳ ಅರ್ಥ

ನಾದ - ಇಂಪಾದ ದನಿ
ವಿದ್ವಾಂಸ - ಚೆನ್ನಾಗಿ ಕಲಿತವನು
ಆಲಾಪನೆ - ರಾಗವನ್ನು ಬೆಳೆಸಿ ಹಾಡುವುದು
ಸಾಧನೆ - ಬಿಡದೆ ಮಾಡುವ ಅಭ್ಯಾಸ

ಉತ್ತರ ಹೇಳಿ, ಆಮೇಲೆ ಬರೆಯಿರಿ

1. ಗೋಪಾಲನಾಥರು ಮೊದಲು ಕಲಿತ ವಾದ್ಯ ಯಾವುದು?
2. ಸ್ಯಾಕ್ಸೊಫೋನಿನಲ್ಲಿ ಗಮಕ ನುಡಿಸುವುದು ಏಕೆ ಕಷ್ಟ?
3. ಜಾಜ್‌ಗೂ ನಮ್ಮ ರಾಗ ಆಲಾಪನೆಗೂ ಏನು ಹೋಲಿಕೆ?
4. ನೀವು ಬಹಳ ದಿನ ಕಷ್ಟಪಟ್ಟು ಕಲಿತ ಕೆಲಸ ಯಾವುದು? ನೇಯ್ಗೆಯೋ, ಹೊಲಿಗೆಯೋ, ಬೇಸಾಯವೋ? ಅದರ ಬಗ್ಗೆ ಮೂರು ಸಾಲು ಬರೆಯಿರಿ. ತರಗತಿಯಲ್ಲಿ ಓದಿ ಹೇಳಿ.