ಲೈಟ್ ಹೋಗೂದ್ರೊಳಗ: ಲೋಂಡಾದ ಮನೆಯಿಂದ ಕೋಡಿಂಗ್

ಜೂನ್ ತಿಂಗಳಲ್ಲಿ ನಮ್ಮ ಸಂಜೆ ಆರೂವರೆಗೆ ನ್ಯೂಯಾರ್ಕಿನಲ್ಲಿ ಬೆಳಗಿನ ಒಂಬತ್ತು. ಅಲ್ಲಿಯವರು ಮೀಟಿಂಗಿಗೆ ಕೂರುವುದು ಆಗ. ಲೋಂಡಾದಲ್ಲಿ ಮಳೆ ಜೋರು ಹಿಡಿಯುವುದೂ ಹೆಚ್ಚಾಗಿ ಆಗಲೇ. ನಾಗರಗಾಳಿ ಕಡೆ ಎಲ್ಲೋ ಒಂದು ಟೊಂಗೆ ತಂತಿಯ ಮೇಲೆ ಬೀಳುತ್ತದೆ, ಅಡಿಗೆಮನೆಯಿಂದ ಅವ್ವ ಕೂಗುತ್ತಾಳೆ: "ಲೈಟ್ ಹೋದ್ವು ನೋಡಪಾ, ನಿಮ್ಮ ಸಾಹೇಬ್ರಿಗೆ ಹೇಳು."

ಸಾಹೇಬರಿಗೆ ಹೇಳುವ ಗೊಡವೆ ಬಿಟ್ಟು ಮೂರು ಮಳೆಗಾಲವಾಯಿತು. ಲೈಟ್ ಹೋಗೇ ಹೋಗುತ್ತದೆ, ನೆಟ್ ಕಡಿದೇ ಕಡಿಯುತ್ತದೆ ಎಂದು ಲೆಕ್ಕ ಹಿಡಿದೇ ಕೆಲಸ ಜೋಡಿಸಿಕೊಂಡಿದ್ದೇನೆ. 1998ರಲ್ಲಿ ಬೆಳಗಾವಿಗೆ ವಿಟಿಯು ಬಂದ ಮೇಲೆ ರಾಜ್ಯದ ಬಹಳಷ್ಟು ಎಂಜಿನಿಯರುಗಳ ಸರ್ಟಿಫಿಕೇಟಿನ ಮೇಲೆ ನಮ್ಮ ಜಿಲ್ಲೆಯ ಹೆಸರು. ನೌಕರಿ ಮಾತ್ರ ಬೆಂಗಳೂರು, ಪುಣೆಯಲ್ಲಿ. ಲ್ಯಾಪ್‌ಟಾಪ್ ಸಮೇತ ಖಾನಾಪುರ ತಾಲೂಕಿಗೆ ಮರಳಿದವರಿಗೂ ಮರಳಬೇಕೆಂದು ಮೀನಮೇಷ ಎಣಿಸುತ್ತಿರುವವರಿಗೂ ಈ ಬರಹ.

ಮೊದಲು ಕರೆಂಟಿನ ಲೆಕ್ಕ. ಅಂಗಡಿಯವರು "ಆರಾಮ ಇಡೀ ದಿನ ಬರತೈತ್ರಿ" ಎಂದದ್ದನ್ನು ಬಿಟ್ಟು ಕಾಗದದ ಮೇಲೆ ಕೂಡಿಸಿ ನೋಡಿ. 12 ವೋಲ್ಟಿನ 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಗುಣಾಕಾರಕ್ಕೆ 1800 ವಾಟ್-ಅವರ್ ಇರುತ್ತದೆ. ಆದರೆ ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಪದೇ ಪದೇ ಇಳಿಸಿದರೆ ಅದರ ಆಯುಷ್ಯ ಕುಗ್ಗುತ್ತದೆ, ಇನ್ವರ್ಟರ್ ತಾನೂ ಒಂದಿಷ್ಟು ನುಂಗುತ್ತದೆ. ಕೈಗೆ ಸಿಗುವುದು 750 ಎಂದು ಹಿಡಿಯಿರಿ. ಲ್ಯಾಪ್‌ಟಾಪಿಗೆ 60 ವಾಟ್, ರೌಟರಿಗೆ 15, ಒಂದು ಎಲ್‌ಇಡಿ ಬಲ್ಬಿಗೆ 9. ಒಟ್ಟು 84 ಅಂದರೆ ಒಂಬತ್ತು ತಾಸಿನ ಹತ್ತಿರ ಹತ್ತಿರ. ಅದಕ್ಕೆ 75 ವಾಟಿನ ಹಳೆಯ ಫ್ಯಾನ್ ಸೇರಿಸಿದಿರೋ, ಐದು ತಾಸೂ ಬರುವುದಿಲ್ಲ. 30 ವಾಟಿನ ಬಿಎಲ್‌ಡಿಸಿ ಫ್ಯಾನ್ ಹಾಕಿದರೆ ಆರೂವರೆ ತಾಸು. ಹೀಗಾಗಿ ದೊಡ್ಡ ಬ್ಯಾಟರಿಗಿಂತ ಮೊದಲು ಫ್ಯಾನ್ ಬದಲಿಸಿ ಎನ್ನುತ್ತೇನೆ.

ರೌಟರಿಗೆ ಬೇರೆಯೇ ಒಂದು ಚಿಕ್ಕ ಯುಪಿಎಸ್ ಇರಲಿ. ಇನ್ವರ್ಟರ್ ತಾನು ಹೊತ್ತುಕೊಳ್ಳುವ ಆ ಒಂದು ಕ್ಷಣ ಲ್ಯಾಪ್‌ಟಾಪಿಗೆ ಗೊತ್ತೇ ಆಗುವುದಿಲ್ಲ, ಅದರ ಹೊಟ್ಟೆಯಲ್ಲೇ ಬ್ಯಾಟರಿ ಇದೆ. ರೌಟರ್ ಮಾತ್ರ ಸತ್ತು ಹುಟ್ಟುತ್ತದೆ, ಮತ್ತೆ ನೆಟ್ ಹಿಡಿಯಲು ಎರಡು ಮೂರು ನಿಮಿಷ ತಿನ್ನುತ್ತದೆ. ಕೊಳ್ಳುವ ಮೊದಲು ಅಡಾಪ್ಟರಿನ ಮೇಲೆ ಬರೆದ ವೋಲ್ಟ್, ಆಂಪಿಯರ್ ಓದಿಕೊಂಡು ಹೋಗಿ. ಗುಡುಗು ಶುರುವಾದರೆ ಪ್ಲಗ್ ಕೀಳುವುದು ಎಲ್ಲರಿಗೂ ಗೊತ್ತು. ಲ್ಯಾಪ್‌ಟಾಪಿಗೂ ರೌಟರಿಗೂ ನಡುವಿನ ಲ್ಯಾನ್ ತಂತಿ ಕೀಳುವುದನ್ನು ಮಾತ್ರ ಮರೆಯುತ್ತೇವೆ. ಫೈಬರ್ ಎಂದು ಧೈರ್ಯವಾಗಿಯೂ ಕೂರಬೇಡಿ. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯದು ನಿಜ, ಆದರೆ ಕೆಲವು ಕೇಬಲ್ಲುಗಳಲ್ಲಿ ಬಲಕ್ಕೆಂದು ಉಕ್ಕಿನ ತಂತಿಯೂ ಇರುತ್ತದೆ.

ಎರಡನೆಯದು ನೆಟ್. ಫೈಬರ್ ಒಂದು ಕಂಪನಿಯದಾದರೆ ಮೊಬೈಲ್ ಸಿಮ್ ಇನ್ನೊಂದರದ್ದಿರಲಿ. ಮನೆಯಲ್ಲಿ ಸಿಗ್ನಲ್ ಎಲ್ಲಿ ಚೆನ್ನಾಗಿದೆ ಎಂದು ಕಡ್ಡಿ ಎಣಿಸಿ ತಿಳಿಯದು. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಸಿಮ್ ಸ್ಟೇಟಸ್ ತೆರೆದರೆ ಮೈನಸ್ ಚಿಹ್ನೆಯ ಒಂದು ಅಂಕಿ ಸಿಗುತ್ತದೆ, ಡಿಬಿಎಂ ಲೆಕ್ಕದಲ್ಲಿ. ಮೈನಸ್ 90 ಚೊಲೋ, ಮೈನಸ್ 115 ಕೆಲಸಕ್ಕೆ ಬಾರದು. ಪ್ರತಿ ಹತ್ತು ಕಡಿಮೆಯಾದಾಗ ಶಕ್ತಿ ಹತ್ತನೇ ಒಂದು ಪಾಲಿಗೆ ಇಳಿಯುವುದರಿಂದ, 90ಕ್ಕೂ 110ಕ್ಕೂ ನಡುವೆ ಇರುವುದು ನೂರು ಪಟ್ಟು ಅಂತರ. ಫೋನ್ ಹಿಡಿದು ಮನೆಯೆಲ್ಲ ಅಡ್ಡಾಡಿ. ನಮ್ಮಲ್ಲಿ ಖಾನಾಪುರದ ಹಂಚಿನ ಮಾಡಿನ ಕೆಳಗೆ, ಅಟ್ಟದ ಕಿಟಕಿಯಲ್ಲಿ ಒಳ್ಳೆಯ ಅಂಕಿ ಸಿಕ್ಕಿತು. ತಗಡು ಹೊದಿಸಿದ ಹಿಂದಿನ ಪಡಸಾಲೆಯಲ್ಲಿ ಏನೂ ಇಲ್ಲ. ತಗಡು ಸಿಗ್ನಲ್ಲನ್ನು ತಡೆಯುತ್ತದೆ. ಈಗ ಆ ಕಿಟಕಿಯಲ್ಲಿ ಅವ್ವನ ಉಪ್ಪಿನಕಾಯಿ ಭರಣಿಯ ಪಕ್ಕ ಒಂದು ಹಳೆಯ ಫೋನು ಹಾಟ್‌ಸ್ಪಾಟ್ ಆಗಿ ಕೂತಿದೆ.

ಇನ್ನು ಸಾಫ್ಟ್‌ವೇರ್. ಯಾವುದನ್ನೇ ಆರಿಸುವಾಗ ನಾನು ಕೇಳಿಕೊಳ್ಳುವುದು ಇಷ್ಟೇ: ನೆಟ್ ಇಲ್ಲದಾಗ ಇದರಿಂದ ಎಷ್ಟು ಕೆಲಸ ಆಗುತ್ತದೆ? ಇದರಲ್ಲಿ ಗಿಟ್‌ಗೆ ಸಾಟಿಯಿಲ್ಲ. 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಕರ್ನೆಲ್ಲಿನ ಕೆಲಸಕ್ಕೆಂದು ಬರೆದದ್ದು. ಪ್ರಾಜೆಕ್ಟಿನ ಇಡೀ ಚರಿತ್ರೆ ನಿಮ್ಮ ಡಿಸ್ಕಿನಲ್ಲೇ ಇರುವುದರಿಂದ ಕಮಿಟ್, ಬ್ರಾಂಚ್, ಡಿಫ್, ಲಾಗ್ ಯಾವುದಕ್ಕೂ ನೆಟ್ ಬೇಡ; ಪುಶ್, ಪುಲ್‌ಗೆ ಮಾತ್ರ ಬೇಕು. ಆದ್ದರಿಂದ ಸಣ್ಣ ಸಣ್ಣ ಕಮಿಟ್ ಮಾಡುತ್ತ ಹೋಗಿ, ನೆಟ್ ಬಂದ ಕೂಡಲೇ ಪುಶ್ ಮಾಡಿ.

ಗಿಟ್ ಕೈಕೊಡುವುದು ಮೊದಲ ಕ್ಲೋನಿನಲ್ಲಿ. ನಡುವೆ ಕಡಿದರೆ ಅಲ್ಲಿಂದ ಮುಂದುವರಿಯುವುದಿಲ್ಲ, ಮತ್ತೆ ಮೊದಲಿಂದ ಶುರು. ಒಮ್ಮೆ ಶುಕ್ರವಾರ ರಾತ್ರಿ ದೊಡ್ಡದೊಂದು ರೆಪೊಸಿಟರಿ ಮೂರು ಸಲ ಶೇಕಡಾ ತೊಂಬತ್ತರ ಆಸುಪಾಸಿಗೆ ಬಂದು ಬಿದ್ದುಹೋಯಿತು. ಡೆಪ್ತ್ 1 ಎಂಬ ಆಯ್ಕೆ ಸೇರಿಸಿದ್ದರೆ ಕೊನೆಯ ಆವೃತ್ತಿಯಷ್ಟೇ ಬರುತ್ತಿತ್ತು, ಹಳೆಯ ಚರಿತ್ರೆಯನ್ನು ಆಮೇಲೆ ಡೀಪನ್ ಆಯ್ಕೆಯಿಂದ ಕಂತಿನಲ್ಲಿ ತರಬಹುದಿತ್ತು. ಅದನ್ನು ಕೈಪಿಡಿಯಲ್ಲಿ ಓದಿದ್ದು ಶನಿವಾರ ಬೆಳಿಗ್ಗೆ. ಅದೂ ಆಗದಿದ್ದರೆ ಗಿಟ್ ಬಂಡಲ್ ಇದೆ: ಇಡೀ ರೆಪೊಸಿಟರಿ ಒಂದೇ ಫೈಲಾಗಿ ಪೆನ್‌ಡ್ರೈವಿಗೆ ಇಳಿಯುತ್ತದೆ. ಕಂಪನಿಯ ಒಪ್ಪಿಗೆ ಇದ್ದರೆ, ಎನ್‌ಕ್ರಿಪ್ಟ್ ಮಾಡಿ, ಬೆಳಗಾವಿಯ ಸಹೋದ್ಯೋಗಿ ಕೈಯಲ್ಲಿ ಕೊಟ್ಟು ಕಳಿಸಬಹುದು. ಸುಮಾರು 50 ಕಿ.ಮೀ. ಹಳಿ. ಮಳೆಗಾಲದಲ್ಲಿ ಲೋಂಡಾದ ಅತಿ ವೇಗದ ಬ್ರಾಡ್‌ಬ್ಯಾಂಡ್ ರೈಲೇ.

ದೂರದ ಸರ್ವರಿನಲ್ಲಿ ಕೆಲಸವಿದ್ದರೆ ಬರೀ ಎಸ್‌ಎಸ್‌ಎಚ್ ಸಾಲದು. ಸರ್ವರಿನ ಕಡೆ ಟಿಮಕ್ಸ್ ಓಡಿಸಿ, ನಿಮ್ಮ ನೆಟ್ ಸತ್ತರೂ ಅಲ್ಲಿನ ಕೆಲಸ ನಡೆದಿರುತ್ತದೆ. ಈ ಕಡೆಯಿಂದ ಮಾಶ್ ಬಳಸಿದರೆ ಫೈಬರಿನಿಂದ ಹಾಟ್‌ಸ್ಪಾಟಿಗೆ ಹಾರಿದರೂ ಸೆಷನ್ ಕಡಿಯುವುದಿಲ್ಲ. ಭಾಷೆಗಳ ಕೈಪಿಡಿಗಳನ್ನು ಝೀಲ್ ಅಥವಾ ಡೆವ್‌ಡಾಕ್ಸ್‌ನಲ್ಲಿ ಬೇಸಿಗೆಯಲ್ಲೇ ಇಳಿಸಿಡಿ, ನಮ್ಮಲ್ಲಿ ಹಪ್ಪಳ ಸಂಡಿಗೆ ಮಾಡಿಟ್ಟಂತೆ. ಎಡಿಟರ್ ವಿಮ್ ಇರಲಿ, ವಿಎಸ್ ಕೋಡ್ ಇರಲಿ, ಆ ಜಗಳದಲ್ಲಿ ನಾನಿಲ್ಲ.

ಮೀಟಿಂಗಿನಲ್ಲಿ ವಿಡಿಯೊ ಬಂದ್ ಮಾಡಿ, ದನಿ ಸಾಕು. ಹೇಳಬೇಕಾದದ್ದನ್ನು ಅರ್ಧ ತಾಸು ಮೊದಲೇ ಬರೆದು ಕಳಿಸಿ. ಅಮೆರಿಕದ ಗಡಿಯಾರ ನವೆಂಬರಿನಲ್ಲಿ ಒಂದು ತಾಸು ಹಿಂದೆ ಸರಿಯುತ್ತದೆ, ಆರೂವರೆಯ ಮೀಟಿಂಗ್ ಏಳೂವರೆಯ ಊಟದ ಹೊತ್ತಿಗೆ ಬರುತ್ತದೆ ಎಂದು ಮನೆಯಲ್ಲಿ ಮುಂಚೆಯೇ ಹೇಳಿಡಿ.

ಮನೆಯವರದ್ದು ಬೇರೆಯೇ ವ್ಯವಸ್ಥೆ. "ಸುಮ್ನ ಕುಂತಾನಲ್ಲ, ಹಿಟ್ಟು ಬೀಸಿಸ್ಕೊಂಡ್ ಬರ್ಲಿ" ಎನ್ನುವುದು ಅವ್ವನ ನ್ಯಾಯ. ಬಾಗಿಲಿಗೆ ಚೀಟಿ ಅಂಟಿಸಿದರೆ ಯಾರೂ ಓದಲಿಲ್ಲ. ಒಂದನೆತ್ತಿ ಓದುವ ಮಗಳು ಮೂರು ಬಣ್ಣದ ರಟ್ಟು ಕತ್ತರಿಸಿ ಹಿಡಿಕೆಗೆ ದಾರ ಕಟ್ಟಿದಳು. ರೈಲು ಜಂಕ್ಷನ್ನಿನ ಊರಲ್ಲಿ ಸಿಗ್ನಲ್ ಯಾರಿಗೂ ಕಲಿಸಬೇಕಿಲ್ಲ. ಕೆಂಪಿಗೆ ನಿಲ್ಲು, ಹಸಿರಿಗೆ ಬಾ. ಹಳದಿ ಇದ್ದರೆ ಚಹಾ ಇಟ್ಟು ಮಾತಾಡದೆ ಹೋಗು. ಹೆಂಡತಿಯ ಷರತ್ತು ಒಂದೇ: ಸಂಜೆ ಐದರಿಂದ ಆರು ಹಸಿರೇ ಇರಬೇಕು.

ಆ ಒಂದು ತಾಸಿನಲ್ಲಿ ಮಗಳಿಗೆ ಕನ್ನಡ ಟೈಪಿಂಗ್. ಲಿನಕ್ಸಿನ ಕೀಬೋರ್ಡ್ ಪಟ್ಟಿಯಲ್ಲಿ ಕಗಪ ಎಂದಿರುವುದನ್ನು ಆರಿಸಿದರೆ ಸಾಕು, ಕೆ.ಪಿ. ರಾವ್ ರೂಪಿಸಿದ, ನುಡಿ ತಂತ್ರಾಂಶದಲ್ಲೂ ಬಂದ ವಿನ್ಯಾಸವೇ ಅದು. ಊರ ಹೆಸರು ಟೈಪಿಸಿದಳು. ಎಷ್ಟು ಅಕ್ಷರ ಎಂದು ಪೈಥಾನಿಗೆ ಕೇಳಿದರೆ 5 ಎಂದಿತು. "ಅಪ್ಪಾ, ಲೋಂ, ಡಾ. ಎರಡ ಅದಾವಲ್ಲ. ಇದಕ್ಕ ಎಣಸಾಕ ಬರಂಗಿಲ್ಲ." ಯಂತ್ರ ಎಣಿಸುವುದು ಯೂನಿಕೋಡ್ ಸಂಕೇತಗಳನ್ನು: ಲ, ಓತ್ವ, ಸೊನ್ನೆ, ಡ, ದೀರ್ಘ. ರೆಜೆಕ್ಸ್ ಎಂಬ ಲೈಬ್ರರಿ ಹಾಕಿ ಎಣಿಸಿದಾಗ 2 ಬಂತು. ಅವಳು ಕೂಡಲೇ ಹುಬ್ಬಳ್ಳಿ ಎಂದು ಕುಟ್ಟಿದಳು. ಮೂರರ ಬದಲು 5. ಒತ್ತಕ್ಷರದಲ್ಲಿ ಅದೂ ಎಡವುತ್ತದೆ. ಅರ್ಧಾಕ್ಷರದಿಂದ ಮುಗಿಯುವ ತುಂಡನ್ನು ಮುಂದಿನದಕ್ಕೆ ಅಂಟಿಸುವ ನಾಲ್ಕು ಸಾಲು ಕೋಡ್ ಬರೆದು ಮೂರು ಮಾಡಿಕೊಟ್ಟೆ. ಮರುದಿನ ಕ್ಯಾಸಲ್‌ರಾಕ್ ಎಂಬ ಊರ ಹೆಸರು ತಂದಳು. ಲೈಟ್ ಹೋಗಿತ್ತು, ಇನ್ವರ್ಟರ್ ಮೇಲೆ ಇನ್ನೂ ಐದು ತಾಸಿತ್ತು, ಇಬ್ಬರೂ ಬೆರಳು ಮಡಚಿ ಎಣಿಸುತ್ತ ಕೂತೆವು.